ಎರಡು ಸ್ಪ್ಯಾನ್‌ಗಳ ನಡುವಿನ ಹನ್ನೊಂದು ನಿಮಿಷ

ಶಾಲೆಗಳ ಶುಲ್ಕ ಪಾವತಿಗೆ ಬಳಕೆಯಾಗುವ ತಂತ್ರಾಂಶವೊಂದನ್ನು ನಮ್ಮ ಸಣ್ಣ ತಂಡ ನೋಡಿಕೊಳ್ಳುತ್ತದೆ. ಪೋಷಕರು ಹಣ ಕಟ್ಟಿದ ಕೂಡಲೇ ಪರದೆಯ ಮೇಲೆ ಪಾವತಿಯಾಯಿತೆಂಬ ಸಂದೇಶ ಬರುತ್ತದೆ. ರಸೀದಿಯ ಪಿಡಿಎಫ್ ತಯಾರಿಸಿ ಇಮೇಲ್ ಮಾಡುವ ಕೆಲಸವನ್ನು ಮಾತ್ರ ಹಿನ್ನೆಲೆ ಕೆಲಸಗಳನ್ನು ನಡೆಸುವ ಪೈಥಾನ್‌ನ ಸೆಲರಿ ಎಂಬ ಸಾಧನದ ಮೂಲಕ ಬ್ಯಾಕ್‌ಗ್ರೌಂಡ್ ಜಾಬ್ ಆಗಿ, ರೆಡಿಸ್ ಎಂಬ ದತ್ತಾಂಶ ಸಂಗ್ರಹದಲ್ಲಿರುವ ಕ್ಯೂಗೆ (ಸರದಿ ಸಾಲಿಗೆ) ಹಾಕುತ್ತೇವೆ. ಆ ಸಾಲಿನಿಂದ ಜಾಬ್‌ಗಳನ್ನು ಎತ್ತಿಕೊಂಡು ನಡೆಸುವುದು ವರ್ಕರ್. ತಿಂಗಳ ಮೊದಲ ವಾರ ಬಂತೆಂದರೆ ಶಾಲೆಗಳ ಕಚೇರಿಯಿಂದ ಒಂದೇ ದೂರು: “ಸರ್, ದುಡ್ಡು ಕಟ್ಟಿ ಹತ್ತು ನಿಮಿಷ ಆಯ್ತು, ರಸೀದಿ ಇನ್ನೂ ಬಂದಿಲ್ಲ.” ಲಾಗ್ ತೆಗೆದು ನೋಡಿದರೆ ಪ್ರತಿ ರಸೀದಿಯೂ ಎರಡು ಸೆಕೆಂಡಿನೊಳಗೆ ತಯಾರಾಗಿರುತ್ತಿತ್ತು. ದೂರೂ ನಿಜ, ಲಾಗೂ ನಿಜ. ಇವೆರಡನ್ನೂ ಒಟ್ಟಿಗೆ ವಿವರಿಸುವ ಸಾಕ್ಷ್ಯ ನಮ್ಮ ಬಳಿ ಇರಲಿಲ್ಲ.

ಹಾಗಾಗಿ ಒಂದು ವಿನಂತಿ ಸಾಗಿದ ದಾರಿಯನ್ನು ಹಂತ ಹಂತವಾಗಿ ದಾಖಲಿಸುವ ಟ್ರೇಸಿಂಗ್ ಅಳವಡಿಸಿದೆವು. ಆ ಇಡೀ ದಾಖಲೆ ಟ್ರೇಸ್, ಅದರಲ್ಲಿ ಆರಂಭ ಮತ್ತು ಕೊನೆಯ ಸಮಯವಿರುವ ಒಂದೊಂದು ಹಂತ ಸ್ಪ್ಯಾನ್. ಟ್ರೇಸ್ ದಾಖಲಿಸಲು ಓಪನ್‌ಟೆಲಿಮೆಟ್ರಿಯನ್ನೂ, ಅದನ್ನು ಕೂಡಿಟ್ಟು ತೋರಿಸಲು ಊಬರ್ ಕಂಪನಿಯಲ್ಲಿ ಹುಟ್ಟಿ 2017ರಲ್ಲಿ ಮುಕ್ತ ತಂತ್ರಾಂಶವಾದ ಯೇಗರ್ ಅನ್ನೂ ಆರಿಸಿಕೊಂಡೆವು. ಮೊದಲ ದಿನ ವೆಬ್ ಕಡೆಯ ಸ್ಪ್ಯಾನ್‌ಗಳು ಬಂದವು, ವರ್ಕರ್ ಕಡೆಯದು ಒಂದೂ ಬರಲಿಲ್ಲ. ಸೆಲರಿಯ ಮುಖ್ಯ ಪ್ರಕ್ರಿಯೆ ಫೋರ್ಕ್ ಆಗಿ, ಅಂದರೆ ತನ್ನದೇ ಪ್ರತಿ ಮಾಡಿಕೊಂಡು, ಮಕ್ಕಳ ಪ್ರಕ್ರಿಯೆಗಳನ್ನು ಹುಟ್ಟಿಸುತ್ತದೆ. ಸ್ಪ್ಯಾನ್‌ಗಳನ್ನು ಒಟ್ಟುಗೂಡಿಸಿ ಕಳಿಸುವ ಥ್ರೆಡ್ (ಪ್ರಕ್ರಿಯೆಯೊಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆ) ಮಾತ್ರ ತಾಯಿ ಪ್ರಕ್ರಿಯೆಯಲ್ಲೇ ಉಳಿದುಬಿಡುತ್ತದೆ. ಟ್ರೇಸಿಂಗ್ ಆರಂಭಿಸುವ ಸಾಲುಗಳನ್ನು ಪ್ರತಿ ಮಗು ಪ್ರಕ್ರಿಯೆ ಶುರುವಾದಾಗ ಸೆಲರಿ ಕೊಡುವ ‘ವರ್ಕರ್ ಪ್ರೊಸೆಸ್ ಇನಿಟ್’ ಎಂಬ ಸಿಗ್ನಲ್‌ನೊಳಕ್ಕೆ ಸರಿಸಿದ ಮೇಲೆ ಎಲ್ಲವೂ ಬರತೊಡಗಿತು. ಸೆಲರಿಯೊಡನೆ ಟ್ರೇಸಿಂಗ್ ಬಳಸಲು ಹೊರಟವರು ಓಪನ್‌ಟೆಲಿಮೆಟ್ರಿಯ ದಾಖಲೆಯ ಈ ಭಾಗವನ್ನು ಮೊದಲೇ ಓದಿಕೊಳ್ಳಲಿ. ನನ್ನ ಒಂದೂವರೆ ದಿನ ಇದಕ್ಕೇ ಹೋಯಿತು.

ಈಗ ಒಂದು ಪಾವತಿಯ ಟ್ರೇಸ್ ತೆರೆದರೆ ವೆಬ್ ವಿನಂತಿ, ಅದರ ಕೆಳಗೆ ಜಾಬನ್ನು ಕ್ಯೂಗೆ ಕಳಿಸಿದ ಸ್ಪ್ಯಾನ್, ಅದರ ಮಗುವಾಗಿ ವರ್ಕರ್ ಆ ಜಾಬನ್ನು ನಡೆಸಿದ ಸ್ಪ್ಯಾನ್ ಕಾಣುತ್ತಿತ್ತು. ದೂರು ಬಂದ ಒಂದು ರಸೀದಿಯನ್ನೇ ಹುಡುಕಿ ತೆಗೆದೆ. ಕಳಿಸುವ ಸ್ಪ್ಯಾನ್ 4 ಮಿಲಿಸೆಕೆಂಡ್, ನಡೆಸುವ ಸ್ಪ್ಯಾನ್ 1.8 ಸೆಕೆಂಡ್, ಎರಡರ ನಡುವೆ 11 ನಿಮಿಷದ ಖಾಲಿ ಜಾಗ. ಪರದೆಯ ಎಡ ತುದಿಗೊಂದು, ಬಲ ತುದಿಗೊಂದು ಕೂದಲೆಳೆಯಂಥ ಗೆರೆ. ನಡುವೆ ಏನೂ ಇಲ್ಲ.

ಇಂಥವು ಎಷ್ಟಿವೆ ಎಂದು ಎಣಿಸಲು ಹೊರಟಾಗ ತೊಡಕು ಎದುರಾಯಿತು. ಯೇಗರ್‌ನ ಹುಡುಕಾಟದಲ್ಲಿ ಕನಿಷ್ಠ ಅವಧಿ ಕೊಡಬಹುದು, ಆದರೆ ಅದು ಒಂದೊಂದು ಸ್ಪ್ಯಾನ್‌ನ ಉದ್ದವನ್ನು ನೋಡುತ್ತದೆ. ಕಾಯುವಿಕೆ ಯಾವ ಸ್ಪ್ಯಾನ್‌ನ ಒಳಗೂ ಇಲ್ಲದಿರುವುದರಿಂದ ಆ ಜಾಲರಿಗೆ ಸಿಕ್ಕುವುದೇ ಇಲ್ಲ. ಆದ್ದರಿಂದ 16686 ಪೋರ್ಟಿನಲ್ಲಿ ಯೇಗರ್ ಪುಟವೇ ಬಳಸುವ ಎಚ್‌ಟಿಟಿಪಿ ದಾರಿಯಿಂದ ಟ್ರೇಸ್‌ಗಳನ್ನು ತರಿಸಿಕೊಳ್ಳುವ ಪುಟ್ಟ ಕಮಾಂಡ್ ಒಂದನ್ನು ಪೈಥಾನ್‌ನಲ್ಲಿ ಬರೆದೆ. ಜಾಬ್‌ನ ಹೆಸರು, ಆರಂಭ ಮತ್ತು ಕೊನೆಯ ಸಮಯ, ಎಷ್ಟು ಟ್ರೇಸ್ ಬೇಕು ಎಂಬುದನ್ನು ಕೊಟ್ಟರೆ ಅದು ಜಾಬ್‌ಗೊಂದು ಸಾಲು ಮುದ್ರಿಸುತ್ತದೆ: ಕಾದ ಹೊತ್ತು, ನಡೆದ ಹೊತ್ತು, ಡೇಟಾಬೇಸ್‌ನಲ್ಲಿ ಕಳೆದ ಹೊತ್ತು, ನಡೆಸಿದ ವರ್ಕರ್‌ನ ಹೆಸರು. ಕಳಿಸುವ ಸ್ಪ್ಯಾನ್ ಮುಗಿದ ಕ್ಷಣವನ್ನು ನಡೆಸುವ ಸ್ಪ್ಯಾನ್ ಶುರುವಾದ ಕ್ಷಣದಿಂದ ಕಳೆದರೆ ಕಾದ ಹೊತ್ತು ಸಿಗುತ್ತದೆ. ಉತ್ತರದಲ್ಲಿ ಸಮಯವೆಲ್ಲ ಮೈಕ್ರೊಸೆಕೆಂಡಿನಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಕೆಲವು ಸಾಲುಗಳಲ್ಲಿ ಕಾದ ಹೊತ್ತು ಸೊನ್ನೆಗಿಂತ ಕಡಿಮೆ ಬಂದಾಗ ಎರಡು ಯಂತ್ರಗಳ ಗಡಿಯಾರ ಹೊಂದಿಕೆಯಾಗಿಲ್ಲವೆಂದು ತಿಳಿಯಿತು. ಮರುಪ್ರಯತ್ನದ ಜಾಬ್‌ಗಳಲ್ಲಿ ನಾವೇ ನಿಗದಿಪಡಿಸಿದ ವಿಳಂಬವೂ ಕಾಯುವಿಕೆಯಂತೆ ಕಾಣುವುದರಿಂದ ಅವನ್ನು ಬೇರೆಯಾಗಿಯೇ ತೋರಿಸುತ್ತೇನೆ.

ಕಾದ ಹೊತ್ತಿನ ಪ್ರಕಾರ ಪಟ್ಟಿಯನ್ನು ಜೋಡಿಸಿದಾಗ ಮೇಲಿನ ಸಾಲುಗಳಲ್ಲೆಲ್ಲ ಒಂದೇ ವರ್ಕರ್‌ನ ಹೆಸರಿತ್ತು. ಅದೇ ಹೊತ್ತಿನಲ್ಲಿ ಇನ್ನೊಂದು ವರ್ಕರ್ ಬಹುಮಟ್ಟಿಗೆ ಸುಮ್ಮನಿತ್ತು. ತಿಂಗಳ ಮೊದಲ ವಾರ ಶಾಲೆಗಳು ತೆಗೆಯುವ ಶುಲ್ಕ ಬಾಕಿಯ ವರದಿಗಳೂ ರಸೀದಿಗಳ ಕ್ಯೂನಲ್ಲೇ ಇದ್ದವು, ಒಂದೊಂದಕ್ಕೂ ನಾಲ್ಕು ನಿಮಿಷದಷ್ಟು ಹಿಡಿಯುತ್ತಿತ್ತು. ಒಂದೊಂದು ಪ್ರಕ್ರಿಯೆಯ ಲೆಕ್ಕಕ್ಕೆ ಎಷ್ಟು ಜಾಬ್‌ಗಳನ್ನು ಮುಂಗಡವಾಗಿ ಎತ್ತಿಕೊಳ್ಳಬೇಕೆಂದು ಹೇಳುವ ಸೆಲರಿಯ ಪ್ರಿಫೆಚ್ ಮಲ್ಟಿಪ್ಲೈಯರ್ ಎಂಬ ಸೆಟ್ಟಿಂಗ್ ಮೂಲ ಸ್ಥಿತಿಯಲ್ಲಿ 4. ಅಂದರೆ ನಾಲ್ಕು ಪ್ರಕ್ರಿಯೆಗಳ ವರ್ಕರ್ 16 ಜಾಬ್‌ಗಳನ್ನು ಮುಂಚಿತವಾಗಿ ತನ್ನ ಮಡಿಲಿಗೆ ಹಾಕಿಕೊಳ್ಳುತ್ತದೆ. ವರದಿಗಳ ಹಿಂದೆ ಸಿಕ್ಕಿಕೊಂಡ ರಸೀದಿ ಕ್ಯೂನಿಂದ ಆಗಲೇ ಹೊರಬಿದ್ದಿರುವುದರಿಂದ ಪಕ್ಕದ ವರ್ಕರ್‌ಗೆ ಅದು ಕಾಣಿಸುವುದೂ ಇಲ್ಲ. ರೆಡಿಸ್ ಕ್ಯೂನ ಉದ್ದವನ್ನಷ್ಟೇ ಗಮನಿಸುತ್ತಿದ್ದ ನಮಗೆ ಎಲ್ಲವೂ ಸರಿಯಿದೆ ಎಂದು ತೋರುತ್ತಿದ್ದುದಕ್ಕೂ ಇದೇ ಕಾರಣ.

ವರದಿಗಳಿಗೆ ಬೇರೆ ಕ್ಯೂ ಮತ್ತು ಬೇರೆ ವರ್ಕರ್ ಕೊಟ್ಟು, ಮಲ್ಟಿಪ್ಲೈಯರ್ ಅನ್ನು 1ಕ್ಕೆ ಇಳಿಸಿ, ಕೆಲಸ ಮುಗಿದ ಮೇಲೆಯೇ ವರ್ಕರ್‌ನಿಂದ ಕ್ಯೂಗೆ ಜಾಬ್‌ನ ಸ್ವೀಕೃತಿ ಹೋಗುವ ಹಾಗೆ ಬದಲಾಯಿಸಿದೆವು. ಹೀಗೆ ಮಾಡಿದರೆ ವರ್ಕರ್ ನಡುವೆ ಸತ್ತಾಗ ಅದೇ ಜಾಬ್ ಮತ್ತೊಮ್ಮೆ ನಡೆಯಬಹುದು. ಆದ್ದರಿಂದ ಒಂದು ಪಾವತಿಗೆ ಒಂದೇ ಇಮೇಲ್ ಹೋಗುವಂತೆ ಪಾವತಿ ಸಂಖ್ಯೆಯನ್ನು ಪರೀಕ್ಷಿಸುವ ಸಾಲುಗಳನ್ನು ಮೊದಲು ಸೇರಿಸಿ, ಆಮೇಲೆ ಸೆಟ್ಟಿಂಗ್ ಬದಲಿಸಿದೆವು. ಮುಂದಿನ ತಿಂಗಳ 1ರಂದು ಬೆಳಿಗ್ಗೆ ಕಮಾಂಡ್ ಓಡಿಸಿದಾಗ ಕಾದ ಹೊತ್ತಿನ ಕಾಲಂನಲ್ಲಿ ಕಂಡ ಅತಿ ದೊಡ್ಡ ಅಂಕಿ 9 ಸೆಕೆಂಡ್. ಮಧ್ಯಾಹ್ನದವರೆಗೂ ಅರ್ಧ ಗಂಟೆಗೊಮ್ಮೆ ಓಡಿಸಿ ನೋಡುತ್ತಲೇ ಇದ್ದೆ. ಶಾಲೆಗಳಿಂದ ಆ ದಿನ ಬಂದ ಕರೆ ಒಂದೇ, ಅದೂ ಪಾಸ್‌ವರ್ಡ್ ಮರೆತವರದ್ದು.