ನಂದಿಯ ಏರಿನಲ್ಲಿ ಕಳಚುತ್ತಿದ್ದ ಚೈನು

ಚಿಕ್ಕಬಳ್ಳಾಪುರದ ಗುಡ್ಡಗಾಡಿನಲ್ಲಿ ನಮ್ಮ ತಂಡ ಕೈಗೊಂಡಿದ್ದ ಸೈಕಲ್ ಪ್ರವಾಸದ ಮೂರನೆಯ ದಿನ, 1478 ಮೀಟರ್ ಎತ್ತರದ ನಂದಿ ಬೆಟ್ಟವನ್ನು ಏರುವಾಗ ಅತಿ ಹಗುರವಾದ ಗೇರಿಗೆ ಬದಲಾಯಿಸಿದಾಗಲೆಲ್ಲ ನನ್ನ ಸೈಕಲ್ಲಿನ ಚೈನು ದೊಡ್ಡ ಹಲ್ಲುಚಕ್ರವನ್ನು ದಾಟಿ ಹಿಂಚಕ್ರದ ಕಡ್ಡಿಗಳ ಕಡೆಗೆ ಬೀಳುತ್ತಿತ್ತು. ಮೊದಲು ಗೇರಿನ ಕೇಬಲನ್ನು ಬಿಗಿಗೊಳಿಸಿದ್ದು ನನ್ನದೇ ತಪ್ಪು. ತೊಂದರೆ ಇನ್ನಷ್ಟು ಹೆಚ್ಚಿತು. ಹಿಂಬದಿಯಿಂದ ನೋಡಿದಾಗ, ಹಿಂದಿನ ದಿನ ಸೈಕಲ್ ಬಲಕ್ಕೆ ಉರುಳಿದ್ದರಿಂದ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರನ್ನು ಹಿಡಿದಿರುವ ಕೊಂಡಿ ಒಳಕ್ಕೆ ಬಾಗಿರುವುದು ಕಂಡಿತು. ಅಲ್ಯೂಮಿನಿಯಂ ಕೊಂಡಿ ಮುರಿದರೆ ಪ್ರಯಾಣವೇ ಮುಗಿದಂತೆ, ಆದ್ದರಿಂದ ಅದನ್ನು ರಸ್ತೆಬದಿಯಲ್ಲಿ ನೇರಗೊಳಿಸುವ ಸಾಹಸಕ್ಕೆ ಹೋಗಲಿಲ್ಲ. ಕೇಬಲನ್ನು ಮೊದಲಿನಷ್ಟಕ್ಕೆ ಸಡಿಲಿಸಿ, ಡಿರೈಲರ್ ಕಡ್ಡಿಗಳ ಕಡೆಗೆ ಎಷ್ಟು ಸರಿಯಬಹುದೆಂಬ ಮಿತಿಯನ್ನು ನಿಗದಿಪಡಿಸುವ ‘ಎಲ್’ ಗುರುತಿನ ತಿರುಪನ್ನು ಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ, ಹಿಂಚಕ್ರವನ್ನು ಎತ್ತಿ ಪೆಡಲ್ ಆಡಿಸಿ ನೋಡಿದೆ. ಮೂರನೆಯ ಸಲಕ್ಕೆ ಚೈನು ದೊಡ್ಡ ಹಲ್ಲುಚಕ್ರದ ಮೇಲೆಯೇ ನಿಂತಿತು. ನಡುವಿನ ಗೇರುಗಳಲ್ಲಿ ಕಟಕಟ ಸದ್ದು ಉಳಿದರೂ, ಸಂಜೆ ಊರು ಸೇರಿ ಕೊಂಡಿಯನ್ನು ಬದಲಾಯಿಸುವವರೆಗೆ ಚೈನು ಮತ್ತೆ ಕಳಚಲಿಲ್ಲ.