ದಾರ ಹಿಡಿದು ಸಿಂಗಪುರದ ದೂರ ಅಳೆಯೋದು

ಮೊನ್ನೆ ಮಂಡ್ಯದಿಂದ ಭಾವ ಫೋನ್ ಮಾಡಿದ್ದರು. ಅಕ್ಕ, ಭಾವ ಇಬ್ಬರೂ ಮೊಮ್ಮಗನನ್ನು ನೋಡಲು ಸಿಂಗಪುರಕ್ಕೆ ಹೊರಟಿದ್ದಾರೆ. 'ಅಲ್ಲಪ್ಪಾ, ಟಿಕೆಟ್ ನೋಡಿದರೆ ಹೋಗೋಕೆ ಏಳು ಗಂಟೆ, ಬರೋಕೆ ಎರಡೇ ಗಂಟೆ. ಬರ್ತಾ ಇಳಿಜಾರಾ?' ಅಂದರು. ನಾನು ಮೈಸೂರಲ್ಲಿ ಭೂಗೋಳ ಪಾಠ ಮಾಡಿದವನು, ಸುಮ್ನೆ ಬಿಡೋಕಾಗುತ್ತಾ? ಅವರಿಗೆ ಹೇಳಿಕೊಟ್ಟ ಲೆಕ್ಕ ಇದು.

ಮೊದಲು ದೂರ. ಗ್ಲೋಬ್ ತೆಗೆದುಕೊಳ್ಳಿ. ನನ್ನದರ ಸ್ಟ್ಯಾಂಡ್ ಮುರಿದು ಈಗ ಸ್ಟೀಲ್ ಲೋಟದ ಮೇಲೆ ಕೂತಿದೆ, ಪರವಾಗಿಲ್ಲ. ಹೊಲಿಗೆ ದಾರವನ್ನು ಭೂಮಧ್ಯರೇಖೆಯ ಮೇಲೆ ಒಂದು ಸುತ್ತು ಸುತ್ತಿ, ಬಿಚ್ಚಿ, ಸ್ಕೇಲಿಗೆ ಹಿಡಿಯಿರಿ. ನನಗೆ ಸಿಕ್ಕಿದ್ದು 80 ಸೆಂಟಿಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಹಾಗಾದರೆ ಒಂದು ಸೆಂಟಿಮೀಟರಿಗೆ 500 ಕಿಲೋಮೀಟರ್. ಈಗ ಅದೇ ದಾರವನ್ನು ಬೆಂಗಳೂರಿಂದ ಸಿಂಗಪುರಕ್ಕೆ ಬಿಗಿಯಾಗಿ ಎಳೆಯಿರಿ. ಆರೂವರೆಗೆ ಚೂರು ಕಡಿಮೆ ಬರುತ್ತೆ. ಹೆಚ್ಚುಕಡಿಮೆ 3,200 ಕಿಲೋಮೀಟರ್. ಗೋಡೆಗೆ ಹಾಕಿದ ನಕ್ಷೆಯಲ್ಲಿ ಅಳೆಯಬೇಡಿ. ಟೋಕಿಯೋದಂಥ ಉತ್ತರದ ಊರುಗಳಿಗೆ ಅದು ತುಂಬಾ ದಾರಿ ತಪ್ಪಿಸುತ್ತೆ.

ಮೇಲೇರಿದ ಮೇಲೆ ಜೆಟ್ ವಿಮಾನ ಗಂಟೆಗೆ 850 ಕಿಲೋಮೀಟರ್ ಆಸುಪಾಸಿನಲ್ಲಿ ಹೋಗುತ್ತೆ. 3,200ಕ್ಕೆ ಮೂರೂ ಮುಕ್ಕಾಲು ಗಂಟೆ. ರನ್‌ವೇ ಮೇಲೆ ತೆವಳೋದು, ಏರೋದು, ಇಳಿಯೋದು ಅಂತ ಇನ್ನೊಂದು ಮುಕ್ಕಾಲು ಗಂಟೆ ಸೇರಿಸಿ. ನಾಲ್ಕೂವರೆ ಆಯ್ತು.

ಹಾಗಾದರೆ ಭಾವನ ಏಳು ಗಂಟೆ? ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ರಾತ್ರಿ 12.20ಕ್ಕೆ ಹೊರಟು ಬೆಳಿಗ್ಗೆ 7.20ಕ್ಕೆ ಇಳಿದರೆ ಏಳರಲ್ಲಿ ಎರಡೂವರೆ ಕಳೆಯಿರಿ. ವಾಪಸ್ ಬರುವಾಗ ಸಂಜೆ 8ಕ್ಕೆ ಹೊರಟು ರಾತ್ರಿ 10ಕ್ಕೆ ಬಂದರೆ ಎರಡಕ್ಕೆ ಎರಡೂವರೆ ಕೂಡಿಸಿ. ಎರಡು ಕಡೆಗೂ ಅದೇ ನಾಲ್ಕೂವರೆ. ಇಳಿಜಾರೂ ಇಲ್ಲ, ಏರೂ ಇಲ್ಲ. ದೆಹಲಿ–ಟೋಕಿಯೋದಂಥ ದಾರಿಯಲ್ಲಾದರೆ ಬರ್ತಾ ಏರು ಇದೆ ಅನ್ನಬಹುದು: ಪಶ್ಚಿಮದಿಂದ ಬೀಸುವ ಮೇಲ್ಗಾಳಿಗೆ ಎದುರಾಗಿ ಬರಬೇಕು, ವಾಪಸ್ಸಿಗೆ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತೆ.

ಇನ್ನೊಂದು. 14ನೇ ತಾರೀಕು ರಾತ್ರಿ 12.20 ಅಂದರೆ 13ರ ಸಂಜೆಯೇ ಮನೆ ಬಿಡಬೇಕು. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ದೇವನಹಳ್ಳಿಯಲ್ಲಿರಬೇಕು, ಟರ್ಮಿನಲ್ 2. ಎಕ್ಸ್‌ಪ್ರೆಸ್‌ವೇ ಬಂದು ಬೆಂಗಳೂರು ಹತ್ತಿರವಾಗಿದೆ ನಿಜ, ಆದರೆ ಊರು ದಾಟೋದಕ್ಕೆ ಯಾವ ಲೆಕ್ಕವೂ ಇಲ್ಲ. ಸಂಜೆ ಐದಕ್ಕೇ ಮಂಡ್ಯ ಬಿಡಿ ಅಂದೆ.

ಫೋನಿನಾಚೆ ಅಕ್ಕನ ದನಿ ಕೇಳಿಸಿತು. 'ರೀ, ಕ್ಯಾಲೆಂಡರಲ್ಲಿ 14ಕ್ಕೆ ಸುತ್ತು ಹಾಕಿದ್ದೀರಲ್ಲ, ಅಳಿಸಿ!'