ತೀರ್ಮಾನ ಮೈದಾನದೊಳಗಿನವರದು: ಮಕ್ಕಳಿಗೆ ರಗ್ಬಿ ಕಲಿಸಿದ ನನ್ನ ಅನುಭವ
ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನಾನು ಕಬಡ್ಡಿ, ಖೋ ಖೋ ತಂಡಗಳ ಜೊತೆಗೆ ಏಳು ಜನರ ರಗ್ಬಿ ತಂಡವನ್ನೂ ಕಟ್ಟಿದ್ದೇನೆ. ಈ ಆಟವನ್ನು ಹೇಳಿಕೊಡುವವರು ನಮ್ಮ ಸುತ್ತಮುತ್ತ ಇರಲಿಲ್ಲವಾದ್ದರಿಂದ ಹದಿನೈದು ಜನರ ತಂಡಗಳು ಆಡುವ ವಿಶ್ವಕಪ್ ಪಂದ್ಯಗಳ ವಿಡಿಯೊಗಳನ್ನೇ ಪಾಠವಾಗಿಟ್ಟುಕೊಂಡೆ. ಚೆಂಡಿನ ಬೆನ್ನು ಹತ್ತುವ ಕಣ್ಣನ್ನು ತಡೆದು, ತರಬೇತುದಾರರು ಏನು ಮಾಡುತ್ತಾರೆ, ಆಟಗಾರರು ಯಾವ ಯಾವ ತೀರ್ಮಾನಗಳನ್ನು ಅವರನ್ನು ಕೇಳದೆ ತಾವೇ ಕೈಗೊಳ್ಳುತ್ತಾರೆ ಎಂಬುದನ್ನು ಗಮನಿಸುತ್ತ ಹೋದಂತೆ ನನ್ನ ತರಬೇತಿಯ ಕ್ರಮವೇ ಬೇರೆಯಾಯಿತು.

ರಗ್ಬಿ ವಿಶ್ವಕಪ್‌ನಲ್ಲಿ ಮುಖ್ಯ ತರಬೇತುದಾರರು ಗೆರೆಯ ಪಕ್ಕ ನಿಂತು ಕೂಗುವುದಿಲ್ಲ. ಅವರು ಸಹಾಯಕರೊಂದಿಗೆ ಗ್ಯಾಲರಿಯ ಮೇಲ್ಭಾಗದಲ್ಲಿ, ಕಂಪ್ಯೂಟರ್ ಪರದೆಗಳ ಮುಂದೆ ಕುಳಿತಿರುತ್ತಾರೆ. ಆಟ ಶುರುವಾದ ಮೇಲೆ ಅವರ ಕೈಯಲ್ಲಿ ಉಳಿಯುವ ದೊಡ್ಡ ಅಧಿಕಾರವೆಂದರೆ ಬದಲಿ ಆಟಗಾರರನ್ನು ಇಳಿಸುವುದು. 2023ರ ಫ್ರಾನ್ಸ್ ವಿಶ್ವಕಪ್‌ನ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ತರಬೇತುದಾರ ಜಾಕ್ ನೀನಾಬರ್ ಅವರು ಮೊದಲರ್ಧ ಮುಗಿಯುವ ಮುನ್ನವೇ ಮಾನಿ ಲಿಬಾಕ್ ಅವರನ್ನು ಹೊರಗೆ ಕರೆದು ಹಾಂಡ್ರೆ ಪೊಲಾರ್ಡ್ ಅವರನ್ನು ಕಳುಹಿಸಿದರು. ಕೊನೆಯ ನಿಮಿಷಗಳಲ್ಲಿ ಪೊಲಾರ್ಡ್ ಒದ್ದ ಪೆನಾಲ್ಟಿಯಿಂದಲೇ (ಎದುರಾಳಿಯ ತಪ್ಪಿಗೆ ಸಿಗುವ ಅವಕಾಶ; ಚೆಂಡನ್ನು ಗೋಲುಕಂಬಗಳ ನಡುವೆ ಒದ್ದರೆ ಮೂರು ಅಂಕ) ಇಂಗ್ಲೆಂಡ್ 16–15ರಿಂದ ಸೋತಿತು. ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 12–11ರಿಂದ ಗೆದ್ದಾಗ ಆ ಹನ್ನೆರಡೂ ಅಂಕಗಳು ಪೊಲಾರ್ಡ್ ಅವರವೇ. ಬೆಂಚಿನಲ್ಲಿ ಕೂರುವುದನ್ನು ಅವಮಾನವೆಂದು ಭಾವಿಸುತ್ತಿದ್ದ ನಮ್ಮ ಹುಡುಗರಿಗೆ ಈ ಎರಡು ಪಂದ್ಯಗಳನ್ನು ನಾನು ಮತ್ತೆ ಮತ್ತೆ ತೋರಿಸಿದ್ದೇನೆ.

ಆದರೆ ನನ್ನ ಮನಸ್ಸಿನಲ್ಲಿ ಆಳವಾಗಿ ಕುಳಿತಿರುವುದು 2015ರ ಸೆಪ್ಟೆಂಬರ್ 19ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಪಂದ್ಯ. ದಕ್ಷಿಣ ಆಫ್ರಿಕಾ 32–29ರಿಂದ ಮುಂದಿತ್ತು, ಸಮಯ ಮುಗಿಯುತ್ತ ಬಂದಿತ್ತು, ಜಪಾನಿಗೆ ಪೆನಾಲ್ಟಿ ಸಿಕ್ಕಿತು. ಒದ್ದು ಮೂರು ಅಂಕ ಪಡೆದರೆ ಪಂದ್ಯ ಸಮವಾಗುತ್ತಿತ್ತು ಮತ್ತು ಜಪಾನಿನಂತಹ ತಂಡಕ್ಕೆ ಅದೇ ದೊಡ್ಡ ಸಾಧನೆಯಾಗುತ್ತಿತ್ತು. ತರಬೇತುದಾರ ಎಡ್ಡಿ ಜೋನ್ಸ್ ಅವರು ಬಯಸಿದ್ದೂ ಅದನ್ನೇ. ನಾಯಕ ಮೈಕೆಲ್ ಲೀಚ್ ಮಾತ್ರ ಸ್ಕ್ರಮ್ ಕೇಳಿದರು, ಅಂದರೆ ಎರಡೂ ತಂಡದವರು ಭುಜಕ್ಕೆ ಭುಜ ಕೊಟ್ಟು ತಳ್ಳುತ್ತ ಚೆಂಡಿಗಾಗಿ ಸೆಣಸುವುದನ್ನು. ಕಾರ್ನ್ ಹೆಸ್ಕೆತ್ ಮೂಲೆಯಲ್ಲಿ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಐದು ಅಂಕದ ಟ್ರೈ ಗಳಿಸಿ 34–32ರಿಂದ ಗೆಲ್ಲಿಸಿದರು. ಇದನ್ನು ಶಿಷ್ಯನೊಬ್ಬ ಗುರುವಿನ ಮಾತು ಮೀರಿದ ಕಥೆಯೆಂದು ನಾನು ತಿಳಿಯುವುದಿಲ್ಲ. ಎದುರಾಳಿಗಳ ಉಸಿರು ಎಷ್ಟು ಸೋತಿದೆ, ತನ್ನವರ ಕಾಲಲ್ಲಿ ಇನ್ನೆಷ್ಟು ಕಸುವಿದೆ ಎಂಬುದು ಮೇಲೆ ಕುಳಿತವರಿಗಿಂತ ಅಲ್ಲೇ ನಿಂತವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಾಗೆ ನಿರ್ಧರಿಸಬಲ್ಲ ತಂಡವನ್ನು ವರ್ಷಗಟ್ಟಲೆ ಬೆಳಗಿನ ಜಾವದಿಂದಲೇ ದುಡಿಸಿ ಸಿದ್ಧಪಡಿಸಿದವರು ಜೋನ್ಸ್ ಅವರೇ ಅಲ್ಲವೇ?

ಅಭ್ಯಾಸ ಪಂದ್ಯ ನಡೆಯುವಾಗ ನಾನು ಶಾಲೆಯ ಮೆಟ್ಟಿಲ ಮೇಲೆ ಕೂರುವುದನ್ನು ರೂಢಿ ಮಾಡಿಕೊಂಡಿದ್ದು ಇದೇ ಕಾರಣಕ್ಕೆ. ಮೊದಮೊದಲು ಮಕ್ಕಳು ಪ್ರತಿಯೊಂದಕ್ಕೂ ನನ್ನ ಮುಖ ನೋಡುತ್ತಿದ್ದರು. ಒಮ್ಮೆ ಪೆನಾಲ್ಟಿ ಸಿಕ್ಕಾಗ ಒಂಬತ್ತನೇ ತರಗತಿಯ ನಾಯಕಿ ಚೆಂಡು ಹಿಡಿದು ನಿಂತು, “ಸರ್, ತಟ್ಟಿ ಓಡಬೇಕೇನ್ರಿ, ಸ್ಕ್ರಮ್ ತಗೋಬೇಕೇನ್ರಿ?” ಎಂದು ಕೂಗಿದಳು. “ಕ್ಯಾಪ್ಟನ್ ನೀ ಅದಿ, ನೀನ ನೋಡವಾ” ಎಂದೆ. ಅವಳು ತಲೆಯೆತ್ತಿ ಎದುರಿನವರನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದಳು. ಎಡ ಅಂಚಿನಲ್ಲಿ ಒಬ್ಬಳೇ ಇದ್ದಳು, ಅವಳೂ ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದಳು. ನಾಯಕಿ ಚೆಂಡನ್ನು ಕಾಲಿಗೆ ತಟ್ಟಿ, ಎರಡೇ ಹೆಜ್ಜೆ ಓಡಿ, ಆ ಕಡೆಗೇ ಪಾಸ್ ಕೊಟ್ಟಳು.

ಕಬಡ್ಡಿ ಆಡಿ ಬೆಳೆದ ಮಕ್ಕಳಿಗೆ ಹಿಡಿಯುವ ಧೈರ್ಯವನ್ನು ಕಲಿಸಬೇಕಿಲ್ಲ, ಬಿಡುವುದನ್ನು ಕಲಿಸಬೇಕು. ಕಬಡ್ಡಿಯಲ್ಲಿ ರೈಡರ್‌ನ ಉಸಿರು ಮುಗಿಯುವವರೆಗೂ ಹಿಡಿತ ಸಡಿಲಿಸಬಾರದು; ರಗ್ಬಿಯಲ್ಲಿ ಎದುರಾಳಿ ನೆಲಕ್ಕೆ ಬಿದ್ದ ಕ್ಷಣವೇ ಕೈಬಿಟ್ಟು ಪಕ್ಕಕ್ಕೆ ಸರಿಯದಿದ್ದರೆ ಪೆನಾಲ್ಟಿ. ಗಂಗಾವತಿ ಕಡೆಯಿಂದ ತರಿಸಿದ ಭತ್ತದ ಹುಲ್ಲನ್ನು ಗೋಣಿಚೀಲಗಳಿಗೆ ತುಂಬಿ, ಮೊದಲು ಮಂಡಿಯೂರಿ, ಆಮೇಲೆ ನಡೆಯುತ್ತ, ಕೊನೆಗೆ ಓಡುತ್ತ ಚೀಲವನ್ನು ತಬ್ಬಿ ಕೆಡವಿ ತಕ್ಷಣ ಎದ್ದು ನಿಲ್ಲುವ ಅಭ್ಯಾಸ ಮಾಡಿಸಿದೆ. ಕೆನ್ನೆ ಎದುರಾಳಿಯ ತೊಡೆಯ ಹಿಂಬದಿಗೆ ಒತ್ತಿರಬೇಕು, ತಲೆ ಎಂದಿಗೂ ಅವನ ಮುಂದೆ ಬರಬಾರದು. ಭುಜದಿಂದ ಮೇಲಕ್ಕೆ ಕೈಹಾಕಿದವರನ್ನು ನಾನು ಆ ದಿನ ಮತ್ತೆ ಆಡಿಸುವುದಿಲ್ಲ. 2023ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಅವರೇ ಎದುರಾಳಿಯ ತಲೆಗೆ ತಗುಲಿದ ಟ್ಯಾಕಲ್‌ಗಾಗಿ (ಹಿಡಿದು ಕೆಡವುವ ಯತ್ನ) ಕೆಂಪು ಕಾರ್ಡ್ ಪಡೆದು ಹೊರನಡೆದರು ಎಂದ ಮೇಲೆ ನಮಗೆ ರಿಯಾಯಿತಿ ಎಲ್ಲಿಯದು? ನಮ್ಮ ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುವುದರಿಂದ ಆ ತಿಂಗಳುಗಳಲ್ಲಿ ಟ್ಯಾಕಲ್ ಇಲ್ಲದ ಟಚ್ ರಗ್ಬಿಯನ್ನಷ್ಟೇ ಆಡಿಸುತ್ತೇನೆ.

ಹೆಣ್ಣುಮಕ್ಕಳ ತಾಯಂದಿರು ಆತಂಕದಿಂದ ಬಂದಾಗ ಈ ಚೀಲದ ಅಭ್ಯಾಸವನ್ನು ಅವರೆದುರಿಗೇ ಮಾಡಿಸಿ ತೋರಿಸಿದೆ. ಭಾರತದ ಮಹಿಳೆಯರು 2019ರಲ್ಲಿ ಮನಿಲಾದಲ್ಲಿ ಸಿಂಗಾಪುರವನ್ನು 21–19ರಿಂದ ಸೋಲಿಸಿ ಹದಿನೈದು ಜನರ ರಗ್ಬಿಯಲ್ಲಿ ಮೊದಲ ಅಂತರರಾಷ್ಟ್ರೀಯ ಜಯ ಪಡೆದದ್ದನ್ನೂ ಹೇಳಿದೆ.

ಏಳು ಜನರ ಆಟದಲ್ಲಿ ಅರ್ಧಕ್ಕೆ ಏಳೇ ನಿಮಿಷ, ನಡುವೆ ವಿರಾಮ ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಕಂಡದ್ದನ್ನೆಲ್ಲ ಹೇಳಿದರೆ ಯಾವುದೂ ಮಕ್ಕಳ ತಲೆಗೆ ಹೋಗುವುದಿಲ್ಲ. ಮೊದಲು ನೀರು, ಯಾರೂ ಮಾತಾಡುವಂತಿಲ್ಲ; ಬಳಿಕ ನಾಯಕಿ ತಾನು ಕಂಡದ್ದನ್ನು ಹೇಳುತ್ತಾಳೆ; ಕೊನೆಗೆ ನಾನು ಒಂದೇ ಒಂದು ಮಾತು ಸೇರಿಸುತ್ತೇನೆ. ಅವಳೇ ಅದನ್ನು ಹೇಳಿಬಿಟ್ಟಿದ್ದರೆ ಸುಮ್ಮನಿರುತ್ತೇನೆ.

ಈ ವರ್ಷ ವಾರದ ಕೊನೆಯ ಪಂದ್ಯಕ್ಕೆ ಸೀಟಿಯನ್ನೂ ಮಕ್ಕಳ ಕೈಗೇ ಕೊಟ್ಟಿದ್ದೇನೆ. ರೆಫರಿಯೊಡನೆ ನಾಯಕ ಮಾತ್ರ ಮಾತನಾಡಬೇಕೆಂಬ ರಗ್ಬಿಯ ರೂಢಿ ನಮ್ಮಲ್ಲೂ ಕಡ್ಡಾಯ. ಒಮ್ಮೆ ರೆಫರಿಯಾದವರು ಮುಂದಿನ ವಾರ ಟ್ಯಾಕಲ್ ಆದೊಡನೆ ಕೈಬಿಡುವುದನ್ನು ಮರೆಯುವುದಿಲ್ಲವಾದ್ದರಿಂದ, ಆ ಸರದಿಯನ್ನು ಈಗ ಹೊಸದಾಗಿ ಸೇರಿದವರಿಂದಲೇ ಆರಂಭಿಸುತ್ತಿದ್ದೇನೆ.